ಹಳೇ ಮನೆ, ಖಾಲಿ ಸೈಟು, ದುಡಿಮೆಯ ಪಾಲು: ತುಮಕೂರಿನಲ್ಲಿ ಬೆವರಿಗೆ ಬೆಲೆ ಎಲ್ಲಿ?

ದುಡ್ಡು ಕಡಿಮೆ, ಆದರೆ ದುಡಿಯುವ ತಾಕತ್ತಿದೆ ಎನ್ನುವವರಿಗೆ ತುಮಕೂರಿನಲ್ಲಿ ಆಸ್ತಿ ಮಾಡಲು ಮೂರು ದಾರಿ ಕಾಣುತ್ತವೆ. ಹಳೇ ಮನೆ ಕೊಂಡು ತಾವೇ ರಿಪೇರಿ ಮಾಡುವುದು, ಊರಾಚೆ ಸೈಟು ಹಿಡಿಯುವುದು, ಇಲ್ಲವೇ ದುಡ್ಡಿರುವವರ ಜೊತೆ ಸೇರಿ ದುಡಿಮೆಯನ್ನೇ ಪಾಲಾಗಿ ಹಾಕುವುದು. ಮೂರರಲ್ಲೂ ಕೈಯಾಡಿಸಿದ ಮೇಲೆ ನನ್ನ ಆಯ್ಕೆ ಹಳೇ ಮನೆಯೇ.

ಸೈಟಿನಲ್ಲಿ ನಿಮ್ಮ ಕೈಗೆ ಕೆಲಸವೇ ಇಲ್ಲ. ಜಾಲಿ ಕಡಿದು, ಕಲ್ಲುಕಂಬ ನೆಟ್ಟು, ತಂತಿ ಎಳೆದರೆ ಮುಗಿಯಿತು. ಬೆಲೆ ಏರುವುದು ರಸ್ತೆ, ನೀರು ಬಂದಾಗ, ಅಥವಾ ವಸಂತನರಸಾಪುರದ ಕಡೆ ಕಾರ್ಖಾನೆ ಬಂದಾಗ. ಅಲ್ಲಿಯವರೆಗೆ ಬಾಡಿಗೆಯೂ ಇಲ್ಲ. ಪಂಚಾಯಿತಿ ವ್ಯಾಪ್ತಿಯಾದರೆ ಫಾರಂ 9 ಮತ್ತು 11ಎ, ಅಂದರೆ ಪಂಚಾಯಿತಿ ಕೊಡುವ ಆಸ್ತಿ ಮತ್ತು ತೆರಿಗೆ ದಾಖಲೆಗಳನ್ನು ಕೇಳಿ. ಅನುಮೋದನೆಯಿಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿದರೆ ಬ್ಯಾಂಕ್ ಸಾಲ ನಂಬಿಕೊಂಡು ಅಡ್ವಾನ್ಸ್ ಕೊಡಬೇಡಿ.

ಪಾಲುದಾರಿಕೆ ಮಾತಿನಲ್ಲಿ ಚೆಂದ. ಆದರೆ 1932ರ ಪಾಲುದಾರಿಕೆ ಕಾಯ್ದೆಯ 13ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಬರೆಯದಿದ್ದರೆ ದುಡಿದ ಪಾಲುದಾರನಿಗೆ ಸಂಬಳವಿಲ್ಲ. ಕ್ರಯಪತ್ರ ಒಬ್ಬರ ಹೆಸರಿನಲ್ಲೇ ಇದ್ದರೆ ಇನ್ನೊಬ್ಬರ ಕೈಗೆ ಉಳಿಯುವುದು ಬರೀ ಬಾಯಿಮಾತು. ಪಾಲೆಷ್ಟು, ಯಾವಾಗ ಮಾರುವುದು, ಖರ್ಚು ಮೀರಿದರೆ ಯಾರು ಹಾಕುವುದು, ಇಷ್ಟನ್ನಾದರೂ ಮೊದಲೇ ಬರೆಸಿ.

ಹಳೇ ಮನೆಗೂ ಕಾಗದ ಮೊದಲು. ಇ-ಖಾತೆಯಲ್ಲಿರುವ ಅಳತೆಯನ್ನು ಟೇಪು ಹಿಡಿದು ತಾಳೆ ನೋಡಿ, 30 ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿ. ಚಿಕ್ಕಪೇಟೆಯಂಥ ಹಳೇ ಬೀದಿಗಳಲ್ಲಿ ಪಿತ್ರಾರ್ಜಿತ ಮನೆಗಳೇ ಹೆಚ್ಚು; ವಂಶವೃಕ್ಷ ನೋಡಿ, ಹೆಣ್ಣುಮಕ್ಕಳೂ ಸೇರಿ ಎಲ್ಲರ ಸಹಿ ಹಾಕಿಸಿಕೊಳ್ಳಿ.

ಇನ್ನು ನಿಜವಾದ ತಲೆನೋವು: ಮೇಲ್ಮಹಡಿಯ ಬಚ್ಚಲು. ಕೆಳಗಿನ ಕೋಣೆಯ ತಾರಸಿಯಲ್ಲಿ ಬಣ್ಣ ಉಬ್ಬಿ ಬಿಳಿ ಉಪ್ಪು ಕಂಡರೆ ನೀರು ಇಳಿಯುತ್ತಿದೆ ಎಂದೇ ಅರ್ಥ. ಹಗಲೂ ರಾತ್ರಿ ಒಂದೇ ಸಮ ಜಿನುಗಿದರೆ ನಲ್ಲಿಯ ಪೈಪು. ಸ್ನಾನ ಮಾಡಿದಾಗ ಮಾತ್ರ ಹೆಚ್ಚಾದರೆ ನೆಲ ಅಥವಾ ನಹಾನಿ ಟ್ರ್ಯಾಪಿನ (ಬಚ್ಚಲ ನೀರು ಹೊರಹೋಗುವ ಬಾಯಿಯ) ಜಾಯಿಂಟು. ಎಷ್ಟೋ ಮೇಸ್ತ್ರಿಗಳು ಟೈಲ್ಸ್ ಸಂದಿಗೆ ವೈಟ್ ಸಿಮೆಂಟ್ ಬಳಿದು ಕೈತೊಳೆದುಕೊಳ್ಳುತ್ತಾರೆ. ಬಚ್ಚಲಿಗಾಗಿ ತಗ್ಗಿಸಿದ ಸ್ಲ್ಯಾಬಿನಲ್ಲಿ ತುಂಬಿದ ಇಟ್ಟಿಗೆ ಚೂರು ಅಷ್ಟರಲ್ಲಿ ನೀರು ಕುಡಿದಿರುತ್ತದೆ, ಮೇಲಿನ ಸಂದಿ ಮುಚ್ಚಿದರೂ ಕೆಳಗೆ ಇಳಿಯುತ್ತಲೇ ಇರುತ್ತದೆ.

ಸರಿಯಾದ ರಿಪೇರಿಗೆ ಟೈಲ್ಸ್ ಒಡೆದು, ಚೂರೆಲ್ಲ ಹೊರಹಾಕಿ, ಸ್ಲ್ಯಾಬು ಬರಿದಾಗುವವರೆಗೆ ಕೆರೆಯಬೇಕು. ಇದು ಪೂರ್ತಿ ಬೆವರಿನ ಕೆಲಸ, ಕೂಲಿ ಹೆಚ್ಚು ಉಳಿಯುವುದೂ ಇಲ್ಲೇ. ಪೈಪು ಹಾಯುವ ತೂತಿನ ಸುತ್ತ ಒಣಗಿದರೂ ಕುಗ್ಗದ ಗ್ರೌಟ್ (ಸಂದಿ ತುಂಬುವ ಸಿಮೆಂಟ್ ಮಿಶ್ರಣ) ತುಂಬಿಸಿ. ಆಮೇಲೆ ಪಾಲಿಮರ್ ಬೆರೆತ ಸಿಮೆಂಟ್ ಕೋಟಿಂಗ್ ಎರಡು ಸಲ, ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಗೋಡೆಯ ಮೇಲೂ ಒಂದಡಿ ಎಳೆಯಿರಿ. ಒಣಗಿದ ಮೇಲೆ ನೀರು ಹೊರಹೋಗುವ ದಾರಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ, ಇಳಿಯಿತೇ ಎಂದು ನೋಡಲು ಮಟ್ಟಕ್ಕೆ ಗುರುತು ಹಾಕಿ. ತಗ್ಗಿಗೆ ಮತ್ತೆ ಚೂರು ತುಂಬುವ ಮೊದಲೇ ಈ ಪರೀಕ್ಷೆ ಆಗಬೇಕು. ಟೈಲ್ಸ್ ಹಾಕಿದ ಮೇಲೆ ಸೋರಿದರೆ ಅಷ್ಟನ್ನೂ ಮತ್ತೆ ಒಡೆಯಬೇಕಾಗುತ್ತದೆ. ನೆಲದ ಇಳಿಜಾರು ಟ್ರ್ಯಾಪಿನ ಕಡೆಗೆ 100ಕ್ಕೆ 1ರಷ್ಟಾದರೂ ಇರಲಿ. ಕೆಳಗಿನ ತಾರಸಿ ಒಣಗಲು ವಾರಗಟ್ಟಲೆ ಹಿಡಿಯುತ್ತದೆ. ಅಷ್ಟರೊಳಗೆ ಪುಟ್ಟಿ ಹಚ್ಚಿದರೆ ಮತ್ತೆ ಉಬ್ಬುತ್ತದೆ.

ಬಣ್ಣ ನೀವೇ ಹೊಡೆಯಿರಿ. ಹಳೇ ಸುಣ್ಣ ಪೂರ್ತಿ ಕೆರೆದು, ಪುಟ್ಟಿ ಎರಡು ಸಲ, ಉಜ್ಜಿ, ಪ್ರೈಮರ್, ಆಮೇಲೆ ಎಮಲ್ಷನ್ ಎರಡು ಕೋಟು. ವೈರಿಂಗ್ ಮಾತ್ರ ಲೈಸೆನ್ಸ್ ಇರುವವರ ಕೈಗೇ ಕೊಡಿ.

ಮಾರುವ ಯೋಚನೆಯಿದ್ದರೆ ಸಾಮಾನು, ಕೂಲಿಯ ಬಿಲ್ಲುಗಳನ್ನು ಜೋಪಾನ ಮಾಡಿ. ತೆರಿಗೆ ಲೆಕ್ಕದಲ್ಲಿ ಸುಧಾರಣೆಯ ಖರ್ಚಾಗಿ ಕಳೆಯಲು ಸಿಗುವುದು ಅವು. ನಿಮ್ಮ ಸ್ವಂತ ದುಡಿಮೆಗೆ ವೆಚ್ಚವಿಲ್ಲ, ಅದೆಲ್ಲ ಲಾಭವಾಗಿಯೇ ಕಾಣುತ್ತದೆ. 24 ತಿಂಗಳು ದಾಟಿ ಮಾರಿದರೆ ದೀರ್ಘಾವಧಿ ಲಾಭಕ್ಕೆ 12.5% ತೆರಿಗೆ, ಅದಕ್ಕೂ ಮೊದಲಾದರೆ ನಿಮ್ಮ ಆದಾಯದ ಸ್ಲ್ಯಾಬ್ ದರವೇ.

ತಿಂಗಳ ಸಂಬಳ, ಭಾನುವಾರದ ಬಿಡುವು, ಮನೆಯಿಂದ ಬೈಕಿನಲ್ಲಿ ಹೋಗಿಬರುವಷ್ಟು ದೂರ, ಇಷ್ಟಿದ್ದರೆ ಹಳೇ ಮನೆ ಹಿಡಿಯಿರಿ. ಬೇರೆ ಊರಿನಲ್ಲಿ ಕೆಲಸ ಮಾಡುತ್ತ ತಿಂಗಳಿಗೊಮ್ಮೆ ಬರುವವರಿಗೆ ಇದು ಆಗದು, ಅವರಿಗೆ ಕಾಗದ ಸರಿಯಿರುವ ಸೈಟೇ ಒಳ್ಳೆಯದು. ಎರಡಂತಸ್ತಿನ ಮನೆ ಸಿಕ್ಕರೆ ಮೇಲಿನ ಬಚ್ಚಲು ಮೊದಲು ಮುಗಿಸಿ, ಕೆಳಮಹಡಿ ಬಾಡಿಗೆಗೆ ಬಿಡಿ. ಮಿಕ್ಕ ರಿಪೇರಿಗೆ ಆ ಬಾಡಿಗೆಯೇ ಒದಗುತ್ತದೆ.