ಕುಡಿದು ಗಾಡಿ ಓಡಿಸಿದ ಕೇಸು: ತಪ್ಪೊಪ್ಪಿಕೊಳ್ಳುವುದೋ, ವಕೀಲರನ್ನು ಇಡುವುದೋ?

ವಿಜಯಪುರದ ಕೋರ್ಟಿನಿಂದ ಸಮನ್ಸ್ ಬಂದಿದೆ ಅಂದುಕೊಳ್ಳಿ. ನಿಮ್ಮ ಮುಂದೆ ಎರಡು ದಾರಿ.

ತಪ್ಪೊಪ್ಪಿಕೊಂಡರೆ ಕೇಸು ಬೇಗ ಮುಗಿಯುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ರೊಕ್ಕ ಕಟ್ಟಿ ಮನೆಗೆ ಬಂದರಾಯ್ತು ಅಂತ ಸುಮ್ನೆ ಕೂರಬೇಡಿ. ಒಪ್ಪಿಕೊಂಡರೂ ತಪ್ಪು ಸಾಬೀತಾದಂತೆಯೇ, ಆಗ ಕೋರ್ಟು ಕನಿಷ್ಠ 6 ತಿಂಗಳು ಗಾಡಿ ಓಡಿಸದಂತೆ ಆದೇಶಿಸಬೇಕು ಎನ್ನುತ್ತದೆ 20ನೇ ಸೆಕ್ಷನ್. ಇಂಡಿ, ಸಿಂದಗಿ ಕಡೆ ಟಂಟಂ ಓಡಿಸಿ ಸಂಸಾರ ಸಾಕುವವರಿಗೆ ದಂಡಕ್ಕಿಂತ ಇದೇ ದೊಡ್ಡ ಪೆಟ್ಟು, ಅಲ್ವಾ? ಎರಡನೇ ಸಲ ಸಿಕ್ಕರೆ ದಂಡ 15,000, ಜೈಲು 2 ವರ್ಷದವರೆಗೆ.

ವಕೀಲರನ್ನು ಇಟ್ಟರೆ ಫೀ ಜಾಸ್ತಿ, ವಾಯಿದೆಗೆ ಓಡಾಟವೂ ಜಾಸ್ತಿ. ಆದರೆ ಅವರು ಉಸಿರು ಪರೀಕ್ಷೆಯ ಚೀಟಿ ನೋಡುತ್ತಾರೆ. 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದ್ದರೆ ಮಾತ್ರ ಅಪರಾಧ. ಮನೆಯ ಜಮೀನು ಕೇಸು ನೋಡುವ ವಕೀಲರಿಗಿಂತ, ದಿನಾ ಕ್ರಿಮಿನಲ್ ಕೇಸು ನಡೆಸುವವರೇ ಇದಕ್ಕೆ ಸರಿ. ಫೀ ಒಟ್ಟು ಎಷ್ಟು ಅಂತ ಮೊದಲೇ ಕೇಳಿ.

ರೀಡಿಂಗ್ 30ರ ಆಸುಪಾಸು ಇದ್ದರೆ, ಯಾರಿಗಾದರೂ ಪೆಟ್ಟಾಗಿದ್ದರೆ, ಲೈಸೆನ್ಸೇ ನಿಮ್ಮ ಅನ್ನವಾಗಿದ್ದರೆ ವಕೀಲರು ಬೇಕೇ ಬೇಕು. ರೀಡಿಂಗ್ ಬಹಳ ಮೇಲಿದ್ದು, ಅಪಘಾತ ಆಗಿಲ್ಲದಿದ್ದರೆ ಒಪ್ಪಿಕೊಳ್ಳುವುದೇ ಮೇಲು ಅಂತ ನನಗನ್ನಿಸುತ್ತದೆ. ಆದರೂ ಒಪ್ಪಿಕೊಳ್ಳುವ ಮೊದಲು ಒಬ್ಬ ವಕೀಲರಿಗೆ ಕಾಗದ ತೋರಿಸಿ. ಕೈಯಲ್ಲಿ ರೊಕ್ಕ ಇಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ, ಆದಾಯ ಕಡಿಮೆ ಇರುವವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.