ಯೂಟ್ಯೂಬ್ ಡೇಟಾ ಎಪಿಐ: ಕಾವೇರಿ ಕಾಮೆಂಟ್‌ಗಳನ್ನು ಅಳೆಯಲು ಎಷ್ಟು ಉಪಯೋಗ?

ಟ್ವಿಟರ್ ಸಂಶೋಧಕರಿಗೆ ಕೊಡುತ್ತಿದ್ದ ಉಚಿತ ಡೇಟಾ 2023ರಲ್ಲಿ ನಿಂತಿತು. ಫೇಸ್‌ಬುಕ್ ಪೋಸ್ಟ್‌ಗಳನ್ನು ಅಳೆಯಲು ಬಳಸುತ್ತಿದ್ದ ಮೆಟಾದ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟ್‌ನಲ್ಲಿ ಮುಚ್ಚಿತು. ಮಾನಸಗಂಗೋತ್ರಿಯಲ್ಲಿ ಜನಾಭಿಪ್ರಾಯದ ಮೇಲೆ ಪ್ರಾಜೆಕ್ಟ್ ಮಾಡುವವರಿಗೆ ದುಡ್ಡಿಲ್ಲದೆ ಸಿಗುವ ಒಳ್ಳೆಯ ದಾರಿ ಈಗ ಯೂಟ್ಯೂಬ್ ಡೇಟಾ ಎಪಿಐ, ಅಂದರೆ ಪ್ರೋಗ್ರಾಂ ಬರೆದು ಯೂಟ್ಯೂಬ್‌ನಿಂದ ವಿಡಿಯೋ ಪಟ್ಟಿ, ಕಾಮೆಂಟ್‌ಗಳನ್ನು ತರಿಸಿಕೊಳ್ಳುವ ಸೇವೆ. ಕಾವೇರಿ ಸುದ್ದಿಯ ಕೆಳಗೆ ನಮ್ಮ ಜನ ಧಾರಾಳವಾಗಿ ಬರೆಯುತ್ತಾರೆ.

ಪ್ರತಿ ಕೋರಿಕೆಗೂ ಇಷ್ಟು ಯೂನಿಟ್ ಎಂದು ಲೆಕ್ಕ; ದಿನಕ್ಕೆ 10,000 ಯೂನಿಟ್ ಉಚಿತ. ಆದರೆ ಒಂದು ಸರ್ಚ್‌ಗೇ 100 ಯೂನಿಟ್ ಹೋಗುತ್ತದೆ. ಸರ್ಚ್ ಬಿಟ್ಟು, ಚಾನೆಲ್‌ನ ಅಪ್‌ಲೋಡ್ ಪ್ಲೇಲಿಸ್ಟ್‌ನಿಂದ ವಿಡಿಯೋ ಪಟ್ಟಿ ತೆಗೆಯಿರಿ: 50 ವಿಡಿಯೋಗೆ 1 ಯೂನಿಟ್ ಸಾಕು. ಕಾಮೆಂಟ್ ಕೂಡ ನೂರಕ್ಕೆ 1 ಯೂನಿಟ್. ರಿಪ್ಲೈಗಳು ಮಾತ್ರ ಪೂರ್ತಿ ಬರುವುದಿಲ್ಲ, ಬೇರೆಯಾಗಿ ಕೇಳಬೇಕು. ವಾದ ಬಿಸಿಯಾಗುವುದೇ ಅಲ್ಲಿ, ಬಿಡಬೇಡಿ.

ಕಾಮೆಂಟ್‌ನ ಸಮಯ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಬರುತ್ತದೆ. 5 ಗಂಟೆ 30 ನಿಮಿಷ ಕೂಡಿಸದಿದ್ದರೆ, 2023ರ ಸೆಪ್ಟೆಂಬರ್ 23ರ ಮಂಡ್ಯ ಬಂದ್ ದಿನ ನಸುಕಿನಲ್ಲಿ ಬರೆದದ್ದೆಲ್ಲ 22ರ ಲೆಕ್ಕಕ್ಕೆ ಸೇರುತ್ತದೆ. ಬಂದ್‌ಗೆ ಮುಂಚೆಯೇ ಸಿಟ್ಟು ಏರಿತ್ತು ಎಂಬ ತಪ್ಪು ತೀರ್ಮಾನ ಹುಟ್ಟುವುದು ಹೀಗೆ.

ನಿಜವಾದ ಕಷ್ಟ ಕನ್ನಡದ್ದು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಮಾಮೂಲಿ 'ರೀ' (re) ಮಾಡ್ಯೂಲ್‌ನ \w ಗುರುತಿನಿಂದ ಪದ ಒಡೆದರೆ ಸ್ವರಚಿಹ್ನೆಗಳು ಅಕ್ಷರದ ಲೆಕ್ಕಕ್ಕೇ ಬರುವುದಿಲ್ಲ: 'ನೀರು' ಹೋಗಿ 'ನ', 'ರ' ಎಂಬ ಎರಡು ತುಂಡು ಉಳಿಯುತ್ತವೆ. ಖಾಲಿ ಜಾಗದಲ್ಲಿ ಒಡೆಯಿರಿ, ಇಲ್ಲವೇ 'ರಿಜೆಕ್ಸ್' (regex) ಎಂಬ ಬೇರೆ ಲೈಬ್ರರಿ ಹಾಕಿಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡಕ್ಕೆ ಒಂದೇ ಕಾಗುಣಿತವಿಲ್ಲ. ಮೇಲಾಗಿ 'ಬಿಡಬೇಡಿ' ಎಂದು ಹುಡುಕುವ ಪದಗಳ ಪಟ್ಟಿಯಲ್ಲಿಟ್ಟು ಕೂತರೆ, ಮಂಡ್ಯದವರು ಬರೆಯುವ 'ಬುಡ್ಬೇಡಿ' ಜಾರಿಹೋಗುತ್ತದೆ. 'ಬಿಡಿ' ಎಂದಷ್ಟೇ ಹುಡುಕಿದರೂ ಆಗದು: 'ನೀರು ಬಿಡಿ' ಎಂಬುದು ನಾಲೆಗೆ ಬಿಡಿ ಎನ್ನುವ ರೈತನ ಬೇಡಿಕೆಯೋ, ತಮಿಳುನಾಡಿಗೆ ಬಿಡುವ ಮಾತೋ, ಓದಿಯೇ ತಿಳಿಯಬೇಕು. ವಿಂಗಡಿಸಲು ಯಂತ್ರಕ್ಕೆ ಕೊಡುವ ಮೊದಲು ಕನಿಷ್ಠ 300 ಕಾಮೆಂಟ್‌ಗಳನ್ನು ಈ ಸೀಮೆಯ ಮಾತು ಗೊತ್ತಿರುವ ಇಬ್ಬರು ಬೇರೆಬೇರೆಯಾಗಿ ಓದಿ ತಮಿಳುನಾಡಿಗೆ ನೀರು ಬಿಡುವುದರ ಪರ, ವಿರೋಧ, ಎರಡೂ ಅಲ್ಲ ಎಂದು ಗುರುತು ಹಾಕಲಿ. ಅವರಿಬ್ಬರಿಗೇ ಹೊಂದಿಕೆಯಾಗದಿದ್ದರೆ ವಿಂಗಡಣೆಯ ನಿಯಮವನ್ನೇ ತಿದ್ದಬೇಕು.

ಕಾಮೆಂಟ್ ಹಾಕಿದವರ ಊರು ಈ ಡೇಟಾದಲ್ಲಿಲ್ಲ. ಆದ್ದರಿಂದ 'ಮಂಡ್ಯದ ಅಭಿಪ್ರಾಯ' ಎಂದು ತಲೆಬರಹ ಕೊಡುವುದು ಸುಳ್ಳು. ಅದೇ ಚಾನೆಲ್‌ಗಳನ್ನು ಹಿಡಿದು, ನೀರು ಬಿಡುವ ಆದೇಶದ ಹಿಂದಿನ ವಾರಕ್ಕೂ ಮುಂದಿನ ವಾರಕ್ಕೂ ಹೋಲಿಸಲು ಮಾತ್ರ ಈ ಸೇವೆಯನ್ನು ನಂಬಬಹುದು. ಅಳಿಸಿದ ಕಾಮೆಂಟ್ ಮತ್ತೆ ಸಿಗುವುದಿಲ್ಲ, ಹಾಗಾಗಿ ಘಟನೆ ನಡೆಯುತ್ತಿರುವಾಗಲೇ ದಿನಾ ಇಳಿಸಿಕೊಳ್ಳಬೇಕು. ಹಾಗೆಂದು ಗುಡ್ಡೆ ಹಾಕಿಡುವಂತಿಲ್ಲ: ನಿಯಮದ ಪ್ರಕಾರ 30 ದಿನಕ್ಕೊಮ್ಮೆ ಹೊಸದಾಗಿ ತರಿಸಬೇಕು, ಇಲ್ಲವೇ ಅಳಿಸಬೇಕು.