ಲೆನವೀ ಎಕ್ಸ್‌ಪ್ರೆಸ್: ಕ್ಯೂ ಕರಗಿತು, ತೊಡೆ ಸೋತಿತು

ಕೊಲರಾಡೋದ ಅರಾಪಹೋ ಬೇಸಿನ್ ಸ್ಕೀ ರೆಸಾರ್ಟಿಗೆ 2022ರಲ್ಲಿ ಹೊಸ ಚೇರ್‌ಲಿಫ್ಟ್ ಬಂತು, ಅಂದರೆ ಕೇಬಲ್‌ಗೆ ತೂಗುಬಿಟ್ಟ ಕುರ್ಚಿಗಳಲ್ಲಿ ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್. ಹೆಸರು ಲೆನವೀ ಎಕ್ಸ್‌ಪ್ರೆಸ್. ಮೊದಲು ಅಲ್ಲಿದ್ದದ್ದು 2001ರ ಮೂರು ಸೀಟಿನ ನಿಧಾನದ ಲಿಫ್ಟ್. ಈಗ ಆರು ಸೀಟಿನದು, ವೇಗದ್ದು. ಹಳೆಯದರಲ್ಲೂ ಸಾಕಷ್ಟು ಕೂತಿದ್ದೇನೆ, ಹೊಸದು ಬಂದ ಮೇಲೂ ಪ್ರತಿ ಚಳಿಗಾಲ ಹೋಗುತ್ತಿದ್ದೇನೆ. ಬಂದ ಹೊಸದರಲ್ಲೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಈಗ ನಾಲ್ಕು.

ಗೊತ್ತಿಲ್ಲದವರಿಗೆ ಎರಡು ಮಾತು. ಅರಾಪಹೋ ಬೇಸಿನ್, ಚಿಕ್ಕದಾಗಿ ಎ-ಬೇಸಿನ್, ಇರುವುದು ಡೆನ್ವರ್‌ನ ಪಶ್ಚಿಮಕ್ಕೆ, ಲವ್‌ಲ್ಯಾಂಡ್ ಪಾಸ್ ಅನ್ನುವ ಘಾಟಿಯ ಪಕ್ಕದಲ್ಲಿ. ಬುಡವೇ 10,780 ಅಡಿ ಎತ್ತರ, ತುದಿ 13,050 ಅಡಿ. ಸೀಸನ್ ಅಕ್ಟೋಬರ್-ನವೆಂಬರ್ ಹೊತ್ತಿಗೆ ಶುರುವಾಗಿ ಹಲವು ವರ್ಷ ಜೂನ್‌ವರೆಗೂ ನಡೆಯುತ್ತದೆ. ಬೇರೆ ಕಡೆಯ ಥರ ಹೋಟೆಲು, ಅಂಗಡಿ ಸಾಲು ಇಲ್ಲಿಲ್ಲ. ಕಾರು ನಿಲ್ಲಿಸು, ಬೂಟು ಹಾಕು, ಹೊರಡು. ಬುಡದಿಂದ ಅರ್ಧ ಬೆಟ್ಟಕ್ಕೆ ಬ್ಲ್ಯಾಕ್ ಮೌಂಟನ್ ಎಕ್ಸ್‌ಪ್ರೆಸ್, ಅಲ್ಲಿಂದ ಮೇಲಕ್ಕೆ ಲೆನವೀ. ಬೆಟ್ಟದ ಹಿಂಭಾಗದ ಮಾಂಟೆಜುಮಾ ಬೌಲ್‌ಗೂ ಇದೇ ದಾರಿ. ಹಾಗಾಗಿ ಈ ಒಂದು ಲಿಫ್ಟ್ ಹೇಗಿದೆ ಅನ್ನುವುದರ ಮೇಲೆ ಇಡೀ ದಿನ ನಿಂತಿರುತ್ತದೆ.

ಮೊದಲು ಒಳ್ಳೆಯದು. ಹಳೆಯ ಲಿಫ್ಟಿನ ಕುರ್ಚಿಗಳು ಕೇಬಲ್‌ಗೆ ಕಾಯಂ ಕಚ್ಚಿಕೊಂಡಿದ್ದವು. ಕೇಬಲ್ ಯಾವ ವೇಗಕ್ಕೆ ಓಡುತ್ತದೋ ಅದೇ ವೇಗಕ್ಕೆ ಕುರ್ಚಿ ನಿಮ್ಮ ಹಿಂದೆ ಬರಬೇಕು. ಅದಕ್ಕೇ ಆ ಜಾತಿಯ ಲಿಫ್ಟನ್ನು ಜಾಸ್ತಿ ವೇಗವಾಗಿ ಓಡಿಸುವ ಹಾಗಿಲ್ಲ. ಸೆಕೆಂಡಿಗೆ ಎರಡೂವರೆ ಮೀಟರ್ ಆಸುಪಾಸು, ಅಷ್ಟೇ. ಹೊಸದರಲ್ಲಿ ಕುರ್ಚಿಯನ್ನು ಕೇಬಲ್‌ಗೆ ಕಚ್ಚಿಸುವ ಹಿಡಿ, ಸ್ಟೇಷನ್ ಒಳಗೆ ಬರುತ್ತಿದ್ದಂತೆ ಕೇಬಲನ್ನು ಬಿಡುತ್ತದೆ. ಮೇಲೆ ಸಾಲಾಗಿ ಸುತ್ತುವ ಸಣ್ಣ ಟೈರುಗಳು ಕುರ್ಚಿಯನ್ನು ತಡೆದು ನಿಧಾನ ಮಾಡುತ್ತವೆ. ನೀವು ಕೂತ ಮೇಲೆ ಅವೇ ಟೈರುಗಳು ವೇಗ ಕೊಟ್ಟು ಕೇಬಲ್‌ಗೆ ಮತ್ತೆ ಕಚ್ಚಿಸುತ್ತವೆ. ಕೇಬಲ್ ಮಾತ್ರ ಅಷ್ಟೂ ಹೊತ್ತು ಐದು ಮೀಟರ್ ವೇಗದಲ್ಲಿ ಓಡುತ್ತಲೇ ಇರಬಹುದು. ಮೇಲೆ ಹೋಗುವ ಸಮಯ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದು ದೊಡ್ಡ ಉಪಕಾರ. ಕಾಯಂ ಹಿಡಿಯ ಲಿಫ್ಟಿನಲ್ಲಿ ಕೆಲಸದ ಹುಡುಗ ಪ್ರತಿ ಕುರ್ಚಿಯನ್ನೂ ಕೈಯಲ್ಲಿ ಹಿಡಿದು ತಡೆಯಬೇಕು. ಒಂದು ಕ್ಷಣ ಅವನ ಕೈ ಜಾರಿದರೆ ಸೀಟಿನ ಅಂಚು ಮೀನಖಂಡಕ್ಕೆ ಪಟ್ಟನೆ ಬಡಿಯುತ್ತದೆ. ನನ್ನ ಮಗಳು ಮೊದಮೊದಲು ಕುರ್ಚಿ ಬರುವ ಮುಂಚೆಯೇ ಕಣ್ಣು ಮುಚ್ಚಿ ನನ್ನ ಜಾಕೆಟ್ ಹಿಡಿಯುತ್ತಿದ್ದಳು. ಈಗ ಹಿಂದೆ ತಿರುಗಿಯೂ ನೋಡುವುದಿಲ್ಲ, ಸುಮ್ನೆ ಕೂರುತ್ತಾಳೆ. ಹತ್ತುವಾಗ, ಇಳಿಯುವಾಗ ಬೀಳುವವರು ಕಡಿಮೆಯಾದರೆ ಲಿಫ್ಟ್ ನಿಲ್ಲಿಸುವುದೂ ಕಡಿಮೆ. ಇದು ಲೆಕ್ಕಕ್ಕೆ ಸಿಗದ ಲಾಭ. ನಿಧಾನದ ಲಿಫ್ಟ್ ನಿಜಕ್ಕೂ ನಿಧಾನವಾಗುವುದು ಪದೇ ಪದೇ ನಿಂತಾಗಲೇ ಅಲ್ವಾ.

ಚಳಿಯ ವಿಷಯಕ್ಕೆ ಬಂದರೆ, ವೇಗ ಜಾಸ್ತಿ ಆದಾಗ ಮುಖಕ್ಕೆ ಗಾಳಿಯೂ ಜಾಸ್ತಿ. ಲೆನವೀಯ ಮೇಲ್ಭಾಗದಲ್ಲಿ ಒಂದು ಮರವೂ ಇಲ್ಲ, ಬರೀ ಬಂಡೆ, ಹಿಮ. ಗಾಗಲ್ಸ್‌ಗೂ ಮುಖ ಮುಚ್ಚುವ ಟೋಪಿ ಬಾಲಕ್ಲಾವಕ್ಕೂ ನಡುವೆ ಒಂದು ಬೆರಳು ಜಾಗ ಬಿಟ್ಟರೂ ಅಲ್ಲಿ ಸೂಜಿ ಚುಚ್ಚಿದಂತಾಗುತ್ತದೆ. ಆದರೂ ಫೆಬ್ರವರಿಯಲ್ಲಿ ಬೇಗ ಮೇಲೆ ಮುಟ್ಟುವುದೇ ಮೇಲು.

ಈಗ ಕಡಿದ ಆ ಒಂದು ಸ್ಟಾರ್ ವಿಚಾರ. ಲಿಫ್ಟ್ ವೇಗವಾದರೆ ಕ್ಯೂ ತಾನಾಗಿ ಕರಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಕ್ಯೂ ಕರಗಿಸುವುದು ವೇಗ ಅಲ್ಲ, ಎಷ್ಟು ಸೆಕೆಂಡಿಗೊಂದು ಕುರ್ಚಿ ಬರುತ್ತದೆ, ಅದರಲ್ಲಿ ಎಷ್ಟು ಸೀಟು ಅನ್ನುವುದು. ಎರಡು ಸೀಟಿನ ಕುರ್ಚಿ ಆರು ಸೆಕೆಂಡಿಗೊಂದು ಬಂದರೆ ಗಂಟೆಗೆ 1,200 ಜನ. ಆರು ಸೀಟಿನದು ಒಂಬತ್ತು ಸೆಕೆಂಡಿಗೊಂದು ಬಂದರೆ 2,400. ಅಷ್ಟು ಜನ ಮೇಲೆ ಹೋದರೆ ಅಷ್ಟೂ ಜನ ಕೆಳಗೆ ಬರಲೇಬೇಕು. ಬೆಟ್ಟ ಮಾತ್ರ ಹಿಗ್ಗುವುದಿಲ್ಲ. ಇನ್ನೊಂದು ರೆಸಾರ್ಟಿನಲ್ಲಿ, ಹೆಸರು ಬೇಡ, ಇಂಥದ್ದೇ ಲಿಫ್ಟ್ ಹಾಕಿದ ಮೇಲೆ ಲೈನಿನಲ್ಲಿದ್ದ ಜಾತ್ರೆ ಇಳಿಜಾರಿಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಹಿಮ ಸವೆದು ಗಾಜಿನಂತಾಗಿ, ಹಿಂದಿನಿಂದ ಯಾರು ಬಂದು ಗುದ್ದುತ್ತಾರೋ ಅಂತ ತಿರುಗಿ ತಿರುಗಿ ನೋಡಿಕೊಂಡೇ ಇಳಿಯಬೇಕಾಯಿತು.

ಎ-ಬೇಸಿನ್ ಈ ವಿಷಯದಲ್ಲಿ ಜಾಣತನ ತೋರಿಸಿದೆ ಅನ್ನುವುದು ನನ್ನ ಅಭಿಪ್ರಾಯ. 2019ರಲ್ಲಿ ಜನಸಂದಣಿ, ಪಾರ್ಕಿಂಗ್ ಸಾಲದು ಅಂತಲೇ ಹಲವು ರೆಸಾರ್ಟುಗಳಿಗೆ ಒಂದೇ ಟಿಕೆಟ್ ಆದ ಎಪಿಕ್ ಪಾಸಿನಿಂದ ಹೊರಬಂದರು. 2020ರಲ್ಲಿ ಪಲ್ಲವಿಚೀನಿ (ಚಿಕ್ಕದಾಗಿ ಪ್ಯಾಲಿ) ಲಿಫ್ಟ್ ಬದಲಾಯಿಸಿದಾಗಂತೂ ಹಳೆಯ ಎರಡು ಸೀಟಿನ ಲಿಫ್ಟ್ ತೆಗೆದು ಮತ್ತೆ ಎರಡು ಸೀಟಿನದನ್ನೇ ಹಾಕಿದರು. ಅದೂ ಕಾಯಂ ಹಿಡಿ ಇರುವಂಥದ್ದು! ಕಡಿದಾದ, ಪರಿಣತರ ಇಳಿಜಾರು ಅದು. ಅಲ್ಲಿ ಒಮ್ಮೆಗೇ ಜಾಸ್ತಿ ಜನ ಸುರಿದರೆ ಕೆಲಸ ಕೆಟ್ಟಿತು. ನಡುಮಟ್ಟದವರು ಆಡುವ ಅಗಲವಾದ ಲೆನವೀಗೆ ವೇಗ, ಕಡಿದಾದ ಪ್ಯಾಲಿಗೆ ನಿಧಾನ. ಎರಡನ್ನೂ ಒಂದೇ ದಿನ ಹತ್ತಿ ನೋಡಿದರೆ ಲಿಫ್ಟ್ ಅನ್ನುವುದು ಬೆಟ್ಟದ ನಲ್ಲಿ ಅಂತ ಅರ್ಥವಾಗುತ್ತದೆ.

ಹಾಗಾದರೆ ಸ್ಟಾರ್ ಕಡಿದಿದ್ದು ಯಾಕೆ? ನನ್ನ ತೊಡೆಗಳ ಪರವಾಗಿ. ಹಳೆಯ ಲೆನವೀಯಲ್ಲಿ ಮೇಲೆ ಹೋಗುವಾಗ ಗ್ಲೌಸ್ ತೆಗೆದು, ಜೇಬಿನಲ್ಲಿದ್ದ ಕೋಡುಬಳೆ ಮುಗಿಸಿ, ಪಕ್ಕದವರ ಊರು ಕೇಳಿ, ಮತ್ತೆ ಗ್ಲೌಸ್ ಹಾಕಿಕೊಳ್ಳುವಷ್ಟು ಪುರುಸೊತ್ತು ಇರುತ್ತಿತ್ತು. ಈಗ ಗ್ಲೌಸ್ ತೆಗೆಯುವಷ್ಟರಲ್ಲಿ ಇಳಿಯುವ ಬೋರ್ಡು ಕಾಣುತ್ತದೆ. ವಿಶ್ರಾಂತಿ ಅಂತ ಗೊತ್ತೇ ಆಗದೆ ಸಿಗುತ್ತಿದ್ದ ವಿಶ್ರಾಂತಿ ಹೋಯಿತು. ಈ ಎತ್ತರದಲ್ಲಿ ಉಸಿರು ಮೊದಲೇ ಬೇಗ ಕಟ್ಟುತ್ತದೆ. ಮೊದಲು ಲಿಫ್ಟ್ ನಿಲ್ಲುವವರೆಗೆ ಆಡುತ್ತಿದ್ದವನು ಈಗ ಮಧ್ಯಾಹ್ನ ಒಂದಕ್ಕೇ ಬೆಂಚು ಹುಡುಕುತ್ತೇನೆ. ಇಳಿದ ಸುತ್ತುಗಳು ಲೆಕ್ಕದಲ್ಲಿ ಜಾಸ್ತಿ, ನಿಜ. ದಿನ ಮಾತ್ರ ಗಿಡ್ಡ.

ಆರು ಜನರ ಸಾಲಿನಲ್ಲಿ ಮಾತೂ ಕಡಿಮೆ. ಇಬ್ಬರೇ ಇದ್ದಾಗ ಮಾತಾಡದೆ ಕೂರುವುದು ಕಷ್ಟ, ಆರು ಜನರಿದ್ದಾಗ ಎಲ್ಲರೂ ಫೋನ್ ನೋಡುತ್ತಾರೆ. ಒಬ್ಬರೇ ಹೋಗುವವರಿಗೆ ಒಂದು ಅನುಕೂಲ ಇದೆ: ನಾಲ್ಕು, ಐದು ಜನರ ಗುಂಪು ಕೂತಾಗ ಉಳಿಯುವ ಖಾಲಿ ಸೀಟಿಗೆ ಸಿಂಗಲ್ಸ್ ಲೈನಿನಿಂದ ಬೇಗ ನುಗ್ಗಬಹುದು.

ಹೋಗುವವರಿಗೆ ನನ್ನ ಸಲಹೆ: ವಾರದ ನಡುವೆ ಹೋಗಿ. ಬೆಳಿಗ್ಗೆ ಕಾಲು ಹುರುಪಾಗಿರುವಾಗ ಲೆನವೀಯಲ್ಲಿ ಬೇಕಾದಷ್ಟು ಸುತ್ತು ಹೊಡೆಯಿರಿ. ಕಡಿದಾದ ಇಳಿಜಾರು ನಿಭಾಯಿಸಬಲ್ಲವರು ಹನ್ನೊಂದರ ಮೇಲೆ ಪ್ಯಾಲಿಗೆ ಬದಲಾಯಿಸಿ, ಅಲ್ಲಿ ಕುರ್ಚಿಯ ಮೇಲೆ ಕೂತು ತಿನ್ನಲು ಟೈಮ್ ಇರುತ್ತದೆ. ನೀರಿನ ಬಾಟಲಿಯನ್ನು ಮಾತ್ರ ಜಾಕೆಟ್ ಒಳಗೇ ಇಟ್ಟುಕೊಳ್ಳಿ, ಹೊರಗಿಟ್ಟರೆ ಮುಚ್ಚಳ ಹೆಪ್ಪುಗಟ್ಟಿ ತಿರುಗುವುದೇ ಇಲ್ಲ.